ಹಸಿರು ದೀಪಗಳ ಹೊಂದಾಣಿಕೆ

ದೊಡ್ಡ ಪಟ್ಟಣಗಳ ಮುಖ್ಯ ಬೀದಿಗಳಲ್ಲಿ ಸಂಚರಿಸುವವರಿಗೆಲ್ಲ ಒಂದು ಅನುಭವವು ಸಾಮಾನ್ಯವಾದುದು. ಒಂದು ಕೂಡುರಸ್ತೆಯಲ್ಲಿ ಕೆಂಪು ದೀಪದ ಮುಂದೆ ನಿಂತು, ಹಸಿರು ಹೊತ್ತಿದೊಡನೆ ಹೊರಟು, ಮುಂದಿನ ಕೂಡುರಸ್ತೆಯನ್ನು ಮುಟ್ಟುವಷ್ಟರಲ್ಲಿ ಅಲ್ಲಿಯ ದೀಪವು ಕೆಂಪಾಗಿಬಿಡುತ್ತದೆ. ಅಲ್ಲಿಯೂ ನಿಂತು ಹೊರಟರೆ ಮೂರನೆಯದರಲ್ಲಿಯೂ ಅದೇ ಕಥೆ. ಮತ್ತೊಂದು ದಿನ ಅದೇ ಬೀದಿಯಲ್ಲಿ ಎದುರು ದಿಕ್ಕಿನಿಂದ ಬರುವಾಗ ನಾಲ್ಕೈದು ದೀಪಗಳು ಒಂದರ ಹಿಂದೊಂದು ಹಸಿರಾಗಿ ದಾರಿ ಬಿಟ್ಟುಕೊಡುತ್ತವೆ. ಮೊದಲನೆಯದನ್ನು ದುರದೃಷ್ಟವೆಂದೂ ಎರಡನೆಯದನ್ನು ಅದೃಷ್ಟವೆಂದೂ ಕರೆಯುವುದು ವಾಡಿಕೆ. ವಾಸ್ತವವಾಗಿ ಇವೆರಡೂ ಒಂದೇ ಲೆಕ್ಕದ ಎರಡು ಮುಖಗಳು. ಆ ಲೆಕ್ಕವನ್ನು ಯಾರಾದರೂ ಮಾಡಿದ್ದರೇ, ಅಥವಾ ಅದು ತನ್ನಷ್ಟಕ್ಕೆ ತಾನೇ ಹಾಗೆ ಒದಗಿತೇ ಎಂಬುದಷ್ಟೇ ಪ್ರಶ್ನೆ.

ರಾಮದುರ್ಗದಂಥ ಊರುಗಳಲ್ಲಿರುವ ವಾಚಕರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ಸವದತ್ತಿಯ ಮೇಲೆ ಹಾಯ್ದು ಧಾರವಾಡದ ನ್ಯಾಯಾಲಯಕ್ಕೂ ಹುಬ್ಬಳ್ಳಿಯ ಆಸ್ಪತ್ರೆಗೂ ಹೋಗಿಬರುವವರು ನಮ್ಮಲ್ಲಿ ಕಡಿಮೆಯೇನಲ್ಲ. ಬಯಲು ಸೀಮೆಯ ರಸ್ತೆಯಲ್ಲಿ ಉಳಿಸಿದ ಹೊತ್ತನ್ನು ಪಟ್ಟಣದೊಳಗಿನ ದೀಪಗಳ ಮುಂದೆ ಕಳೆದವರಿಗೆ ಈ ವಿಷಯದ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸಂಕೇತದೀಪಗಳ ಇತಿಹಾಸವು ಬಹಳ ಹಳೆಯದಲ್ಲ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಅನಿಲದಿಂದ ಉರಿಯುವ ದೀಪವೊಂದನ್ನು ನಿಲ್ಲಿಸಿದರು. ಕೆಲವೇ ವಾರಗಳಲ್ಲಿ, ಅಂದರೆ 1869ರ ಜನವರಿಯಲ್ಲಿ, ಅದು ಸಿಡಿದು ಅದನ್ನು ನಡೆಸುತ್ತಿದ್ದ ಪೊಲೀಸಿನವನು ಗಾಯಗೊಂಡನು. ಪ್ರಯೋಗವು ಅಲ್ಲಿಗೆ ನಿಂತಿತು. ವಿದ್ಯುದ್ದೀಪದ ಸಂಕೇತವು 1914ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಬಂದಿತು. ಮೂರೇ ವರ್ಷಗಳ ಬಳಿಕ, 1917ರಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ಆರು ಕೂಡುರಸ್ತೆಗಳ ದೀಪಗಳನ್ನು ತಂತಿಯಿಂದ ಜೋಡಿಸಿ ಒಂದೇ ಕಡೆಯಿಂದ ಕೈಯಿಂದಲೇ ನಡೆಸತೊಡಗಿದರು. ಒಂದು ದೀಪವನ್ನು ನಿಲ್ಲಿಸಿದ ಕೂಡಲೇ ಅದರ ನೆರೆಯ ದೀಪದೊಡನೆ ಅದಕ್ಕೆ ಹೊಂದಾಣಿಕೆ ಬೇಕೆಂಬ ಅರಿವು ಎಷ್ಟು ಬೇಗನೆ ಮೂಡಿತೆಂಬುದನ್ನು ಇದು ತೋರಿಸುತ್ತದೆ.

ಆದರೆ ಯಾವ ಬಗೆಯ ಹೊಂದಾಣಿಕೆ? ಬೀದಿಯ ಎಲ್ಲ ದೀಪಗಳೂ ಒಮ್ಮೆಗೇ ಹಸಿರಾದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಮಲಪ್ರಭೆಯ ದಂಡೆಯವರು ಚೆನ್ನಾಗಿ ಬಲ್ಲರು. ನವಿಲುತೀರ್ಥದ ಅಣೆಕಟ್ಟಿನ ಬಾಗಿಲನ್ನು ಎತ್ತಿದ ಗಳಿಗೆಯಲ್ಲಿಯೇ ರಾಮದುರ್ಗದ ಬಳಿ ನದಿಯು ಏರುವುದಿಲ್ಲ. ನೀರು ನಡುವಣ ದಾರಿಯನ್ನು ಸವೆಸಿ ಬರಲು ಕಾಲ ಬೇಕು. ವಾಹನಗಳ ಗುಂಪೂ ಹಾಗೆಯೇ. ಮೊದಲ ದೀಪದಿಂದ ಬಿಡುಗಡೆಯಾದ ಗುಂಪು ಎರಡನೆಯದನ್ನು ಮುಟ್ಟಲು 50 ಸೆಕೆಂಡು ಹಿಡಿಯುವುದಾದರೆ, ಎರಡನೆಯ ದೀಪವು ಮೊದಲನೆಯದರ ಜೊತೆಗೇ ಹಸಿರಾಗಿ ಬರಿದಾದ ರಸ್ತೆಗೆ ದಾರಿ ತೋರಿ, ಗುಂಪು ಬರುವ ಹೊತ್ತಿಗೆ ಕೆಂಪಾಗುವುದರಲ್ಲಿ ಅರ್ಥವಿಲ್ಲ. ಅದು 50 ಸೆಕೆಂಡು ತಡೆದು ಹಸಿರಾಗಬೇಕು. ಹೀಗೆ ಒಂದು ದೀಪಕ್ಕೂ ಇನ್ನೊಂದಕ್ಕೂ ಇರಿಸುವ ತಡೆಯನ್ನು ನಾವು ಕಾಲಾಂತರವೆಂದು ಕರೆಯೋಣ. ಒಂದು ದೀಪವು ಹಸಿರಿನಿಂದ ಮತ್ತೆ ಹಸಿರಿಗೆ ಬರುವವರೆಗಿನ ಅವಧಿಯನ್ನು ಆವರ್ತವೆಂದು ಕರೆಯೋಣ.

ರೈಲಿನವರ ನಕ್ಷೆ

ಕಾಲಾಂತರಗಳನ್ನು ಬಾಯಿಲೆಕ್ಕದಿಂದ ಹೊಂದಿಸುವುದು ಎರಡು ದೀಪಗಳಿಗೆ ಸುಲಭ; ಹತ್ತು ದೀಪಗಳಿಗೆ ಅಸಾಧ್ಯ. ಇಲ್ಲಿ ನೆರವಿಗೆ ಬಂದುದು ರೈಲ್ವೆಯ ಒಂದು ಹಳೆಯ ಉಪಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಇಂಜಿನಿಯರ್ ಇಬ್ರಿ ಎಂಬವನದೆಂದು ಹೇಳಲಾಗುವ ನಕ್ಷೆಯೊಂದನ್ನು ಶರೀರಶಾಸ್ತ್ರಜ್ಞನಾದ ಮಾರೆ ತನ್ನ ಗ್ರಂಥದಲ್ಲಿ ಪ್ರಕಟಿಸಿ ಪ್ರಸಿದ್ಧಿಗೆ ತಂದನು. ಪ್ಯಾರಿಸಿನಿಂದ ಲಿಯೋನ್ ನಗರದವರೆಗಿನ ರೈಲುಗಳ ಓಡಾಟವೆಲ್ಲ ಅದರಲ್ಲಿ ಓರೆಗೆರೆಗಳ ರೂಪದಲ್ಲಿದೆ. ಅಡ್ಡಲಾಗಿ ಕಾಲ, ಉದ್ದವಾಗಿ ದೂರ. ವೇಗದ ಗಾಡಿಯ ಗೆರೆ ಹೆಚ್ಚು ಕಡಿದು, ನಿಧಾನದ್ದು ಹೆಚ್ಚು ಓರೆ. ನಿಲ್ದಾಣದಲ್ಲಿ ನಿಂತಾಗ ಗೆರೆಯು ಮಟ್ಟಸವಾಗುತ್ತದೆ. ಎರಡು ಗೆರೆಗಳು ಕೂಡಿದಲ್ಲಿ ಎರಡು ಗಾಡಿಗಳು ಎದುರುಬದುರಾಗುತ್ತವೆ. ರೈಲ್ವೆಯ ನಿಯಂತ್ರಣ ಕಚೇರಿಗಳಲ್ಲಿ ಇಂಥ ನಕ್ಷೆಯು ಕಾಗದದ ಮೇಲೆ ದೀರ್ಘಕಾಲ ಬಾಳಿ, ಈಗ ಗಣಕಯಂತ್ರದ ತೆರೆಯನ್ನೇರಿದೆ.

ಇದನ್ನೇ ಬೀದಿಗೆ ಅನ್ವಯಿಸಬಹುದು. ವಾಚಕರು ಒಂದು ಚೌಕಳಿ ಕಾಗದವನ್ನು ತೆಗೆದುಕೊಂಡು ತಾವೇ ಮಾಡಿನೋಡಲಿ. ಅಡ್ಡಲಾಗಿ ಒಂದು ಸೆಂಟಿಮೀಟರಿಗೆ 10 ಸೆಕೆಂಡು, ಉದ್ದವಾಗಿ ಒಂದು ಸೆಂಟಿಮೀಟರಿಗೆ 100 ಮೀಟರು ಎಂದಿರಲಿ. ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಸಾಗುವ ವಾಹನದ ಗೆರೆಯು ಆಗ ಸರಿಯಾಗಿ 45 ಅಂಶದ ಓರೆಯಲ್ಲಿರುತ್ತದೆ. ಆವರ್ತವು 100 ಸೆಕೆಂಡು, ಅದರಲ್ಲಿ ಅರ್ಧ ಹಸಿರು ಅರ್ಧ ಕೆಂಪು ಎಂದು ಭಾವಿಸೋಣ. ಹಳದಿಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಐದು ಸೆಂಟಿಮೀಟರು ಹಸಿರು, ಐದು ಸೆಂಟಿಮೀಟರು ಕೆಂಪು, ಹೀಗೆ ಬಣ್ಣ ಬಳಿದ ಕಾಗದದ ಕಿರುಪಟ್ಟಿಗಳನ್ನು ಒಂದೊಂದು ದೀಪಕ್ಕೆ ಒಂದರಂತೆ ಕತ್ತರಿಸಿ, ಆಯಾ ದೀಪದ ದೂರಕ್ಕೆ ತಕ್ಕ ಎತ್ತರದಲ್ಲಿ ಇಡಿರಿ. ಪಟ್ಟಿಯನ್ನು ಎಡಕ್ಕೆ ಬಲಕ್ಕೆ ಸರಿಸುವುದೆಂದರೆ ಕಾಲಾಂತರವನ್ನು ಬದಲಿಸುವುದು. ಯಾವ ಕೆಂಪನ್ನೂ ತಾಗದೆ ಎಲ್ಲ ಪಟ್ಟಿಗಳನ್ನೂ ದಾಟಿಹೋಗುವ ಓರೆಯಾದ ಪಟ್ಟೆಯೊಂದು ಒದಗಿದರೆ, ಆ ಪಟ್ಟೆಯೊಳಗೆ ಹೊರಟ ವಾಹನಕ್ಕೆ ದಾರಿಯುದ್ದಕ್ಕೂ ಹಸಿರು. ಪಟ್ಟೆಯ ಅಗಲವೇ ಹೊಂದಾಣಿಕೆಯ ಅಳತೆ. ಅದು 30 ಸೆಕೆಂಡು ಅಗಲವಿದ್ದರೆ ಪ್ರತಿ ಆವರ್ತದಲ್ಲಿ 30 ಸೆಕೆಂಡುಗಳೊಳಗೆ ಹೊರಟವರೆಲ್ಲ ತಡೆಯಿಲ್ಲದೆ ಪಾರಾಗುತ್ತಾರೆ.

ಈ ನಕ್ಷೆಯಿಂದ ತಾನಾಗಿ ಹೊರಬೀಳುವ ಒಂದು ಮಾತನ್ನು ಅವಸರದ ಚಾಲಕರು ಮನಸ್ಸಿಟ್ಟು ಕೇಳಬೇಕು. 500 ಮೀಟರು ದೂರದ ಮುಂದಿನ ದೀಪವನ್ನು 36 ಕಿಲೋಮೀಟರು ವೇಗಕ್ಕೆ ಹೊಂದಿಸಿರುವಾಗ, ಹಸಿರು ಹೊತ್ತಿದೊಡನೆ ಹೊರಟು 72 ಕಿಲೋಮೀಟರು ವೇಗದಿಂದ ಧಾವಿಸುವವನು 25 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟಿ, ಉಳಿದ 25 ಸೆಕೆಂಡನ್ನು ಕೆಂಪು ದೀಪದ ಮುಂದೆ ನಿಂತು ಕಳೆಯುತ್ತಾನೆ. ಸಾವಧಾನದಿಂದ ಬಂದವನು ಅವನ ಪಕ್ಕದಲ್ಲಿಯೇ ನಿಲ್ಲದೆ ಹಾಯ್ದುಹೋಗುತ್ತಾನೆ.

ಎರಡು ದಿಕ್ಕುಗಳ ತೊಡಕು

ಏಕಮುಖ ಸಂಚಾರದ ಬೀದಿಯಲ್ಲಿ ಇಷ್ಟರಿಂದಲೇ ಸಮಸ್ಯೆಯು ಬಗೆಹರಿಯಿತು. ದ್ವಿಮುಖ ಬೀದಿಯಲ್ಲಿ ಮಾತ್ರ ನಿಜವಾದ ಕಷ್ಟವು ಮೊದಲಾಗುತ್ತದೆ. ಹೋಗುವವರ ಗೆರೆಯು ಮೇಲಕ್ಕೆ ಏರಿದರೆ ಬರುವವರ ಗೆರೆಯು ಕೆಳಕ್ಕೆ ಇಳಿಯುತ್ತದೆ. ದೀಪಗಳ ಪಟ್ಟಿಗಳಾದರೋ ಇಬ್ಬರಿಗೂ ಒಂದೇ.

ಎರಡು ದೀಪಗಳ ನಡುವೆ 500 ಮೀಟರು ಅಂತರವಿದ್ದರೆ ಭಾಗ್ಯವೆನ್ನಬೇಕು. ಪ್ರಯಾಣದ ಕಾಲ 50 ಸೆಕೆಂಡು, ಅದು ಆವರ್ತದ ಸರಿಯಾದ ಅರ್ಧ. ಕಾಲಾಂತರವನ್ನು 50 ಸೆಕೆಂಡಿಗೆ ಇಟ್ಟರೆ ಹೋಗುವವರಿಗೂ ಬರುವವರಿಗೂ ಪೂರ್ಣ 50 ಸೆಕೆಂಡಿನ ಪಟ್ಟೆಯು ದೊರೆಯುತ್ತದೆ. ಶಬ್ದಶಾಸ್ತ್ರವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಪರಿಚಿತವೆಂದು ತೋರಬೇಕು. ವೇಗವನ್ನು ಆವರ್ತದಿಂದ ಗುಣಿಸಿದರೆ ಬರುವ 1000 ಮೀಟರು ಈ ಹಸಿರು ಅಲೆಯ ತರಂಗದೂರ. 500 ಮೀಟರು ಅದರ ಅರ್ಧ. ಮಿಡಿದ ತಂತಿಯಲ್ಲಿ ಕಂಪಿಸದೆ ನಿಲ್ಲುವ ಬಿಂದುಗಳು ಅರ್ಧ ತರಂಗದೂರಕ್ಕೊಂದರಂತೆ ಬರುವುದನ್ನು ಅವರು ಪ್ರಯೋಗಶಾಲೆಯಲ್ಲಿ ಅಳೆದಿದ್ದಾರೆ.

ಈಗ ಅಂತರವು 250 ಮೀಟರು ಎನ್ನಿ. ಪ್ರಯಾಣದ ಕಾಲ 25 ಸೆಕೆಂಡು. ಕಾಲಾಂತರವನ್ನೂ 25ಕ್ಕೆ ಇಟ್ಟರೆ ಹೋಗುವವರಿಗೆ ಪೂರ್ಣ 50 ಸೆಕೆಂಡಿನ ಪಟ್ಟೆ. ಆದರೆ ಬರುವವರು ಎರಡನೆಯ ದೀಪವನ್ನು ಹಸಿರಿನಲ್ಲಿ ದಾಟಿ ಮೊದಲನೆಯದನ್ನು ಮುಟ್ಟುವಾಗ ಅದು ಆಗತಾನೇ ಕೆಂಪಾಗಿರುತ್ತದೆ. ಅವರ ಪಟ್ಟೆಯ ಅಗಲ ಸೊನ್ನೆ. ಕಾಲಾಂತರವನ್ನು 10 ಸೆಕೆಂಡಿಗೆ ಇಳಿಸಿದರೆ ಹೋಗುವವರಿಗೆ 35, ಬರುವವರಿಗೆ 15. ಕಾಲಾಂತರವೇ ಇಲ್ಲದೆ ಎರಡೂ ದೀಪಗಳು ಒಮ್ಮೆಗೇ ಹಸಿರಾದರೆ ಇಬ್ಬರಿಗೂ 25. ಮೂರು ಸಲವೂ ಮೊತ್ತವು 50 ಎಂಬುದನ್ನು ವಾಚಕರು ಗಮನಿಸಿರಬಹುದು. ಒಬ್ಬರಿಗೆ ಕೊಟ್ಟಷ್ಟನ್ನೂ ಇನ್ನೊಬ್ಬರಿಂದ ಕಿತ್ತುಕೊಂಡೇ ಕೊಡಬೇಕಾಗಿದೆ. ಇದು ಯಾವ ಅಧಿಕಾರಿಯ ಅಲಕ್ಷ್ಯವೂ ಅಲ್ಲ, ಯಂತ್ರದ ದೋಷವೂ ಅಲ್ಲ; ಕೂಡುರಸ್ತೆಗಳು ಇರುವ ಜಾಗವೇ ಹಾಗಿದೆ. ನಮ್ಮ ಊರುಗಳಲ್ಲಿ ಅಡ್ಡಬೀದಿಗಳು ಹುಟ್ಟಿದುದು ಪೇಟೆ, ಗುಡಿ, ಕೆರೆ, ಅಗಸೆಗಳ ಅನುಕೂಲದಿಂದ. ತರಂಗದೂರವನ್ನು ಅಳೆದು ಯಾರೂ ಬೀದಿ ಬಿಡಲಿಲ್ಲ.

ಆದ್ದರಿಂದಲೇ ಬೆಳಿಗ್ಗೆ ಕಚೇರಿಗೆ ಹೋಗುವವರ ದಿಕ್ಕಿಗೆ ಅಗಲವಾದ ಪಟ್ಟೆ, ಸಂಜೆ ಮನೆಗೆ ಮರಳುವವರ ದಿಕ್ಕಿಗೆ ಅಗಲವಾದ ಪಟ್ಟೆ ಎಂದು ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಯೋಜನೆಗಳನ್ನು ಹಾಕಿಡುತ್ತಾರೆ. ಲೇಖನದ ಮೊದಲಿಗೆ ಹೇಳಿದ ದುರದೃಷ್ಟ ಅದೃಷ್ಟಗಳ ಮೂಲವು ಬಹುಮಟ್ಟಿಗೆ ಇಲ್ಲಿದೆ.

ಇನ್ನೊಂದು ನಿಬಂಧನೆಯುಂಟು. ಹೊಂದಿಸಬೇಕಾದ ದೀಪಗಳೆಲ್ಲವೂ ಒಂದೇ ಆವರ್ತವನ್ನು, ಇಲ್ಲವೇ ಅದರ ಅರ್ಧವನ್ನು, ಅನುಸರಿಸಬೇಕು. ಒಂದರದು 100 ಸೆಕೆಂಡು, ನೆರೆಯದರದು 90 ಸೆಕೆಂಡು ಎಂದಾದರೆ ಕಾಲಾಂತರವು ಪ್ರತಿ ಸುತ್ತಿಗೆ 10 ಸೆಕೆಂಡು ಸರಿಯುತ್ತ ಹೋಗಿ, ಮತ್ತೆ ಮೊದಲಿನಂತಾಗಲು 15 ನಿಮಿಷ ಬೇಕು. ಹೀಗೆಯೇ ದೀಪಗಳ ಗಡಿಯಾರಗಳೂ ಒಂದನ್ನೊಂದು ಅಗಲಬಾರದು. ದಿನಕ್ಕೆ ಎರಡೇ ಸೆಕೆಂಡು ತಪ್ಪುವ ಗಡಿಯಾರವನ್ನು ಮನೆಯಲ್ಲಿ ನಾವು ಒಳ್ಳೆಯದೆನ್ನುತ್ತೇವೆ. ಬೀದಿಯ ದೀಪದಲ್ಲಿ ಅದು ಒಂದೇ ತಿಂಗಳಿನಲ್ಲಿ ಒಂದು ನಿಮಿಷ ಜಾರಿ, ಹಸಿರಿಗೆ ಹೊಂದಿಸಿದ್ದನ್ನು ಕೆಂಪಿಗೆ ಹೊಂದಿಸಿಬಿಡುತ್ತದೆ. ಈ ಕಾರಣದಿಂದ ಇಂದಿನ ದೀಪಗಳು ಉಪಗ್ರಹಗಳಿಂದಲೋ ಕೇಂದ್ರದ ತಂತಿಯಿಂದಲೋ ಸಮಯವನ್ನು ಪಡೆಯುತ್ತವೆ.

ತಂತ್ರಾಂಶವು ಮಾಡುವುದೇನು?

ಬಣ್ಣದ ಪಟ್ಟಿಗಳನ್ನು ಸರಿಸುವ ಕೆಲಸವನ್ನು ಈಗ ಗಣಕಯಂತ್ರದ ತಂತ್ರಾಂಶವು ಮಾಡುತ್ತದೆ. ದೀಪಗಳ ನಡುವಣ ದೂರ, ನಿರೀಕ್ಷಿತ ವೇಗ, ಆವರ್ತ, ಹಸಿರಿನ ಪಾಲು ಇಷ್ಟನ್ನು ಕೊಟ್ಟರೆ ತೆರೆಯ ಮೇಲೆ ನಕ್ಷೆಯು ಮೂಡುತ್ತದೆ. ಇಂಜಿನಿಯರನು ಒಂದು ಪಟ್ಟಿಯನ್ನು ಬೆರಳಿನಿಂದ ಎಳೆದೊಡನೆ ಎರಡೂ ದಿಕ್ಕಿನ ಪಟ್ಟೆಗಳು ಹಿಗ್ಗುವುದನ್ನೂ ಕುಗ್ಗುವುದನ್ನೂ ಕಣ್ಣಾರೆ ಕಾಣುತ್ತಾನೆ. ಪೊಲೀಸ್ ಅಧಿಕಾರಿಗೂ ನಗರಸಭೆಯ ಸದಸ್ಯನಿಗೂ ವಿಷಯವನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದು ನನ್ನ ಅಭಿಪ್ರಾಯ.

ಆದರೆ ಅತ್ಯುತ್ತಮ ಹೊಂದಾಣಿಕೆಯನ್ನು ಹುಡುಕುವುದು ಬೇರೆಯ ಮಾತು. ಹತ್ತು ದೀಪಗಳ ಬೀದಿಯಲ್ಲಿ ಮೊದಲನೆಯದನ್ನು ಆಧಾರವಾಗಿಟ್ಟುಕೊಂಡರೆ, ಉಳಿದ ಒಂಬತ್ತಕ್ಕೂ 100 ಸೆಕೆಂಡಿನ ಆವರ್ತದಲ್ಲಿ ನೂರು ನೂರು ಬಗೆಯ ಕಾಲಾಂತರಗಳು ಸಾಧ್ಯ. ಒಟ್ಟು ಸಾಧ್ಯತೆಗಳನ್ನು ಬರೆಯಲು ಒಂದರ ಮುಂದೆ ಹದಿನೆಂಟು ಸೊನ್ನೆಗಳು ಬೇಕು. ಸೆಕೆಂಡಿಗೆ ನೂರು ಕೋಟಿ ಸಾಧ್ಯತೆಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಇದು ಸುಮಾರು 32 ವರ್ಷಗಳ ಕೆಲಸ. ಇಲ್ಲಿ ಯಂತ್ರಬಲಕ್ಕಿಂತ ಬುದ್ಧಿಬಲವೇ ಮೊದಲು ಬಂದುದು. 1964ರಲ್ಲಿ ಮಾರ್ಗನ್ ಮತ್ತು ಲಿಟಲ್ ಎಂಬ ಅಮೆರಿಕದ ವಿದ್ವಾಂಸರು, ಎರಡು ದಿಕ್ಕಿಗೂ ಸಮಾನ ಅಗಲದ ಪಟ್ಟೆಯನ್ನು ಬಯಸುವುದಾದರೆ ದೀಪಗಳನ್ನು ಒಂದಕ್ಕೊಂದು ಒಟ್ಟಿಗೇ ಇಲ್ಲವೇ ಅರ್ಧ ಆವರ್ತದ ಅಂತರದಲ್ಲಿ ಇಟ್ಟರೆ ಸಾಕೆಂದು ತೋರಿಸಿಕೊಟ್ಟರು. ಒಂದೊಂದು ದೀಪಕ್ಕೂ ನೂರರ ಬದಲು ಎರಡೇ ಆಯ್ಕೆ. ಒಂಬತ್ತು ದೀಪಗಳಿಗೆ ಒಟ್ಟು 512. ಇದನ್ನು ಕಾಗದದ ಮೇಲೆಯೂ ಮಾಡಿ ಮುಗಿಸಬಹುದು. ಲಿಟಲ್ ಮುಂದೆ ಈ ವಿಧಾನವನ್ನು ಬೆಳೆಸಿ, 1981ರಲ್ಲಿ ಸಂಗಡಿಗರೊಡನೆ ಮ್ಯಾಕ್ಸ್‌ಬ್ಯಾಂಡ್ ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಇಂಗ್ಲೆಂಡಿನ ರಾಬರ್ಟ್‌ಸನ್ ಎಂಬವರು 1960ರ ದಶಕದ ಕೊನೆಗೆ ರಚಿಸಿದ ಟ್ರಾನ್ಸಿಟ್ ಎಂಬ ಕ್ರಮವಿಧಿಯು ಪಟ್ಟೆಯ ಅಗಲವನ್ನು ಬಿಟ್ಟು, ಎಲ್ಲ ವಾಹನಗಳೂ ಕಾಯುವ ಒಟ್ಟು ಕಾಲವನ್ನು ಕಡಿಮೆಮಾಡಲು ಯತ್ನಿಸಿತು. ಅಡ್ಡಬೀದಿಯಲ್ಲಿ ಕಾಯುವವರ ಲೆಕ್ಕವೂ ಸೇರುವುದರಿಂದ ಇದು ಹೆಚ್ಚು ನ್ಯಾಯವಾದ ಅಳತೆ.

ನಮ್ಮ ಬೀದಿಯ ಮೇಲೆ

ಮೇಲಿನ ಲೆಕ್ಕವೆಲ್ಲ ಒಂದೇ ವೇಗದಲ್ಲಿ ಸಾಲಾಗಿ ಸಾಗುವ ಮೋಟಾರುಗಳಿಗೆ ಹೇಳಿದ್ದು. ನಮ್ಮಲ್ಲಿ ಒಂದೇ ಹಸಿರಿನಲ್ಲಿ ಸ್ಕೂಟರು, ರಿಕ್ಷಾ, ಬಸ್ಸು, ಕಬ್ಬು ಹೇರಿದ ಟ್ರ್ಯಾಕ್ಟರು ಎಲ್ಲವೂ ಹೊರಡುತ್ತವೆ. 500 ಮೀಟರು ದೂರವನ್ನು 40 ಕಿಲೋಮೀಟರು ವೇಗದ ಸ್ಕೂಟರು 45 ಸೆಕೆಂಡಿನಲ್ಲಿ ಮುಗಿಸಿದರೆ, 20 ಕಿಲೋಮೀಟರು ವೇಗದ ಟ್ರ್ಯಾಕ್ಟರು 90 ಸೆಕೆಂಡು ತೆಗೆದುಕೊಳ್ಳುತ್ತದೆ. ಗುಂಪು ಗುಂಪಾಗಿ ಉಳಿಯದೆ ದಾರಿಯುದ್ದ ಚದರಿಹೋಗುತ್ತದೆ. ಕಾಗದದ ಮೇಲಿನ ಚೂಪಾದ ಪಟ್ಟೆಯು ಬೀದಿಯ ಮೇಲೆ ಮಸುಕಾಗುತ್ತದೆ. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯು ಇಂಥ ಮಿಶ್ರ ಸಂಚಾರಕ್ಕಾಗಿಯೇ ಕೋಸಿಕೋಸ್ಟ್ ಎಂಬ ನಿಯಂತ್ರಣ ವಿಧಾನವನ್ನು ರಚಿಸಿದೆ. ಬೆಂಗಳೂರಿನ ನೂರಕ್ಕೂ ಮೇಲ್ಪಟ್ಟ ಕೂಡುರಸ್ತೆಗಳಲ್ಲಿ ಅಳವಡಿಸಿದುದು ಇದನ್ನೇ. ಇಲ್ಲಿ ಯೋಜನೆಯನ್ನು ಮುಂಚಿತವಾಗಿ ಬರೆದಿಟ್ಟು ಕೈಬಿಡುವುದಿಲ್ಲ. ಕ್ಯಾಮೆರಾಗಳು ಕಂಡ ವಾಹನಗಳಿಗೆ ತಕ್ಕಂತೆ ಹಸಿರಿನ ಪಾಲು ಬದಲಾಗುತ್ತ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡಗಳ ನಡುವಣ ರಸ್ತೆಯು ಬೇರೊಂದು ಪಾಠವನ್ನು ಕಲಿಸುತ್ತದೆ. ಸುಮಾರು 22 ಕಿಲೋಮೀಟರು ಉದ್ದದ ಈ ಮಾರ್ಗದ ನಡುವೆ ಬಸ್ಸುಗಳಿಗೆಂದೇ ಪ್ರತ್ಯೇಕ ಪಥವನ್ನು ನಿರ್ಮಿಸಿ 2018ರಲ್ಲಿ ‘ಚಿಗರಿ’ ಬಸ್ಸುಗಳನ್ನು ಓಡಿಸತೊಡಗಿದರು. ವಿಧ್ಯುಕ್ತವಾದ ಉದ್ಘಾಟನೆಯು 2020ರಲ್ಲಿ ನಡೆಯಿತು. ಇಂಥ ಮಾರ್ಗದಲ್ಲಿ ದೀಪಗಳನ್ನು ಮೋಟಾರುಗಳ ವೇಗಕ್ಕೆ ಹೊಂದಿಸಿದರೆ ಬಸ್ಸಿಗೆ ಏನಾಗುವುದೆಂದು ನೋಡೋಣ. ಮೋಟಾರು 50 ಸೆಕೆಂಡಿನಲ್ಲಿ ಹೋಗುವ ದೂರದಲ್ಲಿ ಬಸ್ಸು ಒಂದು ನಿಲ್ದಾಣದಲ್ಲಿ 25 ಸೆಕೆಂಡು ನಿಂತಿತೆನ್ನಿ. 50 ಸೆಕೆಂಡು ಅಗಲದ ಪಟ್ಟೆಯ ಮೊದಲಲ್ಲಿ ಹೊರಟ ಬಸ್ಸು ಮೊದಲ ನಿಲ್ದಾಣವಾದ ಮೇಲೆ ಪಟ್ಟೆಯ ನಡುವಿಗೂ ಎರಡನೆಯ ನಿಲ್ದಾಣವಾದ ಮೇಲೆ ಅದರ ಅಂಚಿಗೂ ಜಾರಿ, ಮುಂದೆ ಕೆಂಪು ದೀಪಕ್ಕೆ ಸಿಕ್ಕುತ್ತದೆ. ನಕ್ಷೆಯಲ್ಲಿ ಬಸ್ಸಿನ ಗೆರೆಯನ್ನು ಬೇರೆಯಾಗಿ, ನಿಲುಗಡೆಗಳೊಡನೆ ಎಳೆದು ನೋಡದ ಹೊರತು ಈ ಅನ್ಯಾಯವು ಕಣ್ಣಿಗೆ ಬೀಳುವುದಿಲ್ಲ. ಒಬ್ಬನೇ ಕುಳಿತ ಮೋಟಾರನ್ನೂ ಅರುವತ್ತು ಜನರಿರುವ ಬಸ್ಸನ್ನೂ ಒಂದೊಂದೇ ವಾಹನವೆಂದು ಎಣಿಸುವ ಲೆಕ್ಕವು ಗಣಿತದಲ್ಲಿ ಸರಿಯಿದ್ದರೂ ಲೋಕವ್ಯವಹಾರದಲ್ಲಿ ತಪ್ಪು. ಬಸ್ಸು ಸಮೀಪಿಸುತ್ತಿರುವುದನ್ನು ಅರಿತು ಹಸಿರನ್ನು ಹತ್ತು ಸೆಕೆಂಡು ನೀಡುವುದು, ಇಲ್ಲವೇ ಕೆಂಪನ್ನು ಅಷ್ಟು ಬೇಗ ಮುಗಿಸುವುದು ಇದಕ್ಕಿರುವ ಪರಿಹಾರ.

ಇನ್ನು ಕಾಲ್ನಡೆಯವರು. ನಿಲ್ದಾಣಗಳು ರಸ್ತೆಯ ನಡುವೆ ಇರುವ ಮಾರ್ಗದಲ್ಲಿ ಬಸ್ಸಿಗೆ ಹೋಗುವವನು ಮೊದಲು ಪಾದಚಾರಿ. ಸೆಕೆಂಡಿಗೆ 1.2 ಮೀಟರು ನಡೆಯುವವನು 18 ಮೀಟರು ಅಗಲದ ರಸ್ತೆಯನ್ನು 15 ಸೆಕೆಂಡಿನಲ್ಲಿ ದಾಟುತ್ತಾನೆ, 0.8 ಮೀಟರು ನಡೆಯುವ ಮುದುಕಿಗೆ ಇಪ್ಪತ್ತೆರಡೂವರೆ ಸೆಕೆಂಡು ಬೇಕು. ಪಟ್ಟೆಯನ್ನು ಅಗಲಿಸುವ ಆಸೆಯಿಂದ ಆವರ್ತವನ್ನು ಹಿಗ್ಗಿಸಿದಷ್ಟೂ ಈಕೆ ಕಾಯುವ ಹೊತ್ತು ಹೆಚ್ಚುತ್ತದೆ. ಲಾಭವಾದರೋ ಕ್ರಮೇಣ ಕುಗ್ಗುತ್ತದೆ. ಪ್ರತಿ ಆವರ್ತದಲ್ಲಿ ದೀಪ ಬದಲಾಗುವಾಗ ಒಟ್ಟು 12 ಸೆಕೆಂಡು ವ್ಯರ್ಥವಾಗುವುದಾದರೆ, 60 ಸೆಕೆಂಡಿನ ಆವರ್ತದಲ್ಲಿ ನಷ್ಟವು ನೂರಕ್ಕೆ 20, 120ರಲ್ಲಿ 10, 180ರಲ್ಲಿ ಏಳಕ್ಕಿಂತ ತುಸು ಕಡಿಮೆ. ಕೊನೆಯ ಆ ಮೂರು ಪಾಲಿನ ಉಳಿತಾಯಕ್ಕಾಗಿ ಎಲ್ಲರನ್ನೂ ಇನ್ನೊಂದು ನಿಮಿಷ ಉದ್ದದ ಆವರ್ತದಲ್ಲಿ ನಿಲ್ಲಿಸುವುದು ಉಚಿತವೆಂದು ನನಗೆ ತೋರುವುದಿಲ್ಲ. ಕಾಯುವ ತಾಳ್ಮೆ ಮುಗಿದವರು ಕೆಂಪಿನಲ್ಲಿಯೇ ರಸ್ತೆಗೆ ಇಳಿಯುತ್ತಾರೆ. ಅದರ ಫಲವು ಯಾವ ನಕ್ಷೆಯಲ್ಲಿಯೂ ಮೂಡುವುದಿಲ್ಲ.

ಬೀದಿಯು ತನ್ನ ಶಕ್ತಿಗೆ ಮೀರಿ ತುಂಬಿದಾಗ ಹಸಿರು ಅಲೆಯ ಮಾತೇ ತಲೆಕೆಳಗಾಗುತ್ತದೆ. ಮುಂದಿನ ದೀಪದ ಬಳಿ ಹಳೆಯ ಸಾಲು ನಿಂತಿರುವಾಗ ಹಿಂದಿನಿಂದ ಹೊಸ ಗುಂಪನ್ನು ಬಿಡುವುದು ವ್ಯರ್ಥ. ನಿಂತ ಸಾಲಿನಲ್ಲಿ ಮುಂದಿನ ವಾಹನವು ಕದಲಿದ ಮೇಲೆಯೇ ಹಿಂದಿನದು ಕದಲಬೇಕಾದುದರಿಂದ, ಹೊರಡುವಿಕೆಯು ಸೆಕೆಂಡಿಗೆ ಸುಮಾರು ಐದು ಮೀಟರಿನಂತೆ ಹಿಂದಕ್ಕೆ ಸರಿಯುತ್ತದೆ. ಆಗ ಕೊನೆಯ ದೀಪವನ್ನು ಮೊದಲು ತೆರೆದು, ಅಲ್ಲಿಂದ ಹಿಮ್ಮುಖವಾಗಿ ಒಂದೊಂದನ್ನೇ ತೆರೆಯುತ್ತ ಬರಬೇಕು. ತಂತ್ರಾಂಶವು ಹೊಸ ರಸ್ತೆಯನ್ನು ಸೃಷ್ಟಿಸಲಾರದು. ಇರುವ ರಸ್ತೆಯ ಹೊತ್ತನ್ನು ಹಂಚಿಕೊಡಬಲ್ಲುದಷ್ಟೆ.

ಕೊನೆಗೆ, ರೋಗಿಯನ್ನು ಹೊತ್ತ ಆಂಬುಲೆನ್ಸಿನ ವಿಚಾರ. ಅದು ಹೊಂದಾಣಿಕೆಯ ಪಟ್ಟೆಯನ್ನು ಕಾಯುತ್ತ ಕೂಡುವಂತಿಲ್ಲ. ಅದರ ಸ್ಥಾನವನ್ನು ಉಪಗ್ರಹದ ನೆರವಿನಿಂದ ತಿಳಿದು, ಅದು ಬರುವ ಮೊದಲೇ ಮುಂದಿನ ದೀಪಗಳನ್ನು ಹಸಿರುಮಾಡಿ ನಿಂತ ಸಾಲನ್ನು ಕರಗಿಸುವ ಏರ್ಪಾಡುಗಳಿವೆ. ಸಾಲಿನ ಕರಗುವಿಕೆಗೂ ಕಾಲ ಬೇಕು: ಒಂದೇ ಸಾಲಿನಲ್ಲಿ ಹದಿನೈದು ಮೋಟಾರುಗಳು ನಿಂತಿದ್ದರೆ, ಒಂದಕ್ಕೆ ಎರಡು ಸೆಕೆಂಡಿನಂತೆ ಅರ್ಧ ನಿಮಿಷ ಮುಂಚಿತವಾಗಿ ಹಸಿರಾಗಬೇಕು. ಆಂಬುಲೆನ್ಸು ದಾಟಿದ ಬಳಿಕ ಆ ದೀಪವು ನೆರೆಯ ದೀಪಗಳೊಡನೆ ಹೊಂದಾಣಿಕೆ ತಪ್ಪಿ ನಿಂತಿರುತ್ತದೆ. ಅದನ್ನು ಥಟ್ಟನೆ ಹಿಂದಕ್ಕೆ ಎಳೆದರೆ ಅಡ್ಡಬೀದಿಯ ಹಸಿರು ಅರ್ಧಕ್ಕೇ ಮುರಿಯುವುದು. ಆದುದರಿಂದ ಪ್ರತಿ ಆವರ್ತವನ್ನೂ ಐದೋ ಹತ್ತೋ ಸೆಕೆಂಡು ಹಿಗ್ಗಿಸಿ ಇಲ್ಲವೇ ಕುಗ್ಗಿಸಿ, ಮೂರು ನಾಲ್ಕು ಸುತ್ತುಗಳಲ್ಲಿ ಅದನ್ನು ಮತ್ತೆ ಸಾಲಿಗೆ ಸೇರಿಸುತ್ತಾರೆ. ಅಷ್ಟು ಹೊತ್ತು ಆ ಬೀದಿಯಲ್ಲಿ ಹಿಂದಿನಿಂದ ಬಂದವರಿಗೆ ಒಂದೆರಡು ಕೆಂಪು ದೀಪಗಳು ಹೆಚ್ಚಾಗಿ ಎದುರಾಗುತ್ತವೆ.